ಭಾವ ಬಿಚ್ಚಿದ ದೀಪ

ನಮ್ಮ ಭಾವನಿಗೆ ಬಾರದ ಕೆಲಸವಿಲ್ಲ. ಇದು ಅವರದೇ ಮಾತು. ಉಗ್ರಾಣವೊಂದರ ಮೇಲ್ವಿಚಾರಕರಾಗಿದ್ದ ಅವರು ಕೆಲಸದಲ್ಲಿದ್ದಷ್ಟು ಕಾಲವೂ ಬೇರೆಯವರು ರಿಪೇರಿ ಮಾಡಿದ ಯಂತ್ರಗಳ ಮುಂದೆ ಕೈಕಟ್ಟಿ ನಿಂತು ತಲೆಯಾಡಿಸಿದವರು. ನಿವೃತ್ತರಾದ ಮೇಲೆ ಆ ತಲೆಯಾಡಿಸುವಿಕೆಯನ್ನೇ ವಿದ್ಯೆ ಎಂದುಕೊಂಡು ಮನೆಗೆ ತಂದರು. ಅಂದಿನಿಂದ ಆ ಮನೆಯಲ್ಲಿ ಏನೇ ಕೆಟ್ಟರೂ ಮೊದಲು ಭಾವ ಬಿಚ್ಚಬೇಕು. ಉಳಿದದ್ದೇನಾದರೂ ಇದ್ದರೆ ಆಮೇಲೆ ಅಂಗಡಿಗೆ. ಮಿಕ್ಸಿ ಹಾಗೇ ಸತ್ತಿತು. ಗೋಡೆ ಗಡಿಯಾರ ಬಡಿಯುತ್ತದೆ, ನಡೆಯುವುದಿಲ್ಲ. ಪ್ರತಿ ಸಲ ಒಂದೆರಡು ಸ್ಕ್ರೂ ಮಿಗುತ್ತವೆ. “ಕಂಪನಿಯವ್ರು ದಂಡಕ್ಕೆ ಹಾಕಿರ್ತಾರೆ,” ಎನ್ನುತ್ತಾರೆ ಭಾವ.

ಅಕ್ಕನ ಕಣ್ಣಿನ ಆಪರೇಷನ್ ಆದ ಮೇಲೆ ಅವಳಿಗೆ ಟ್ಯೂಬ್‌ಲೈಟಿನ ಬೆಳಕು ಸೂಜಿಯಂತೆ ಚುಚ್ಚುತ್ತಿತ್ತು. ಹಜಾರದ ಮೂಲೆಯಲ್ಲಿದ್ದ ಉದ್ದ ಕಾಲಿನ ದೀಪವೊಂದೇ ಅವಳಿಗೆ ಗತಿ. ಅದರ ವೈರಿನಲ್ಲಿ ಬೆಳಕು ಕಮ್ಮಿ ಮಾಡುವ ಡಿಮ್ಮರ್ ಇತ್ತು. ಸಂಜೆ ಅಕ್ಕಪಕ್ಕದ ಮನೆಯವರು ಬಂದಾಗ ಅದನ್ನು ಮಂದ ಮಾಡಿಕೊಂಡು ಹರಟೆ ಹೊಡೆಯುವುದು ಅವಳ ಒಂದೇ ಸುಖ.

ಆ ದೀಪ ಇದ್ದಕ್ಕಿದ್ದಂತೆ ಮಿಟಮಿಟ ಎನ್ನತೊಡಗಿತು. ಕಮ್ಮಿ ಮಾಡಿದರೆ ಗುಂಯ್‌ಗುಟ್ಟುತ್ತಿತ್ತು. ಅಕ್ಕ ತಲೆ ಹಿಡಿದುಕೊಂಡು ಒಳಕೋಣೆಯ ಕತ್ತಲಿಗೆ ಎದ್ದುಹೋದಳು.

ನಾನು ಹೋದಾಗ ಭಾವ ನೆಲದ ಮೇಲೆ ಕೂತು ಡಿಮ್ಮರ್ ಬಿಚ್ಚುತ್ತಿದ್ದರು. ಪ್ಲಗ್ ಗೋಡೆಯಲ್ಲೇ ಇತ್ತು. ನಾನು ಕಿತ್ತೆ.

“ಏಯ್, ಯಾಕೋ ಕಿತ್ತೆ? ಕರೆಂಟ್ ಇಲ್ದೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ?”

“ಶಾಕ್ ಹೊಡೆದು ನೀವೇ ಹೋಗಿಬಿಟ್ರೆ ಗೊತ್ತಾಗತ್ತೆ ಭಾವ. ಈ ಬಲ್ಬ್ ಯಾವಾಗ ಹಾಕಿದ್ದು?”

“ಮೊನ್ನೆ. ಹಳೇದು ಬಿಸಿ ಆಗೋದು ಅಂತ ನಾನೇ ತೆಗೆದು ಎಲ್‌ಇಡಿ ಹಾಕ್ದೆ.”

“ಮಿಟಮಿಟ ಶುರುವಾಗಿದ್ದು?”

“ಅದೂ ಮೊನ್ನೆನೇ. ಕಾಕತಾಳೀಯ.”

ಬಲ್ಬ್ ಕಳಚಿ ನೋಡಿದೆ. ಡಿಮ್ಮರ್ ಜೊತೆ ಬಳಸಬಾರದು ಎಂದು ಅದರ ಕುತ್ತಿಗೆಯ ಮೇಲೇ ಬರೆದಿತ್ತು. ತೋರಿಸಿದೆ.

“ಅದು ಗೊತ್ತಿಲ್ದವ್ರಿಗೆ ಬರೆದಿರೋದು,” ಎಂದರು.

ಹಳೇ ಬಲ್ಬ್ ಎಲ್ಲಿ ಎಂದು ಕೇಳಿದರೆ, ಒಳಗೇನಿದೆ ಎಂದು ನೋಡಲು ಒಡೆದಿದ್ದರಂತೆ. ಡಿಮ್ಮರ್‌ಗೆ ಒಪ್ಪುವ ಬಲ್ಬ್ ತರಲು ನಾನು ಅಂಗಡಿಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಭಾವ ಡಿಮ್ಮರನ್ನೇ ಕತ್ತರಿಸಿ ಎಸೆದು, ವೈರುಗಳನ್ನು ನೇರ ಸೇರಿಸಿ ಟೇಪ್ ಸುತ್ತಿ, ಅದೇ ಎಲ್‌ಇಡಿ ಮತ್ತೆ ಹಾಕಿದ್ದರು. ಇಡೀ ಹಜಾರ ಸುಣ್ಣ ಬಳಿದಂತೆ ಬೆಳಗುತ್ತಿತ್ತು.

“ಈಗ ಮಿಟುಕುತ್ತಾ ನೋಡು!” ಎಂದು ಎದೆಯುಬ್ಬಿಸಿದರು. “ಲೇ, ಬಾರೇ ಹೊರಗೆ! ರೆಡಿ ಆಯ್ತು!”

ಅಕ್ಕ ಬಾಗಿಲವರೆಗೆ ಬಂದು, ಸೆರಗು ಕಣ್ಣಿಗೆ ಒತ್ತಿಕೊಂಡು ಹಿಂತಿರುಗಿದಳು.

“ದೀಪ ಉರೀತಿದೆಯಲ್ಲ, ಇನ್ನೇನು ಬೇಕಂತೆ ಇವಳಿಗೆ?” ಎಂದು ನನ್ನನ್ನು ಕೇಳಿದರು. ಜೊತೆಗೆ ಬಾಳಿದವಳಿಗೆ ಏನು ಬೇಕೆಂದು ಆ ಮನುಷ್ಯನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಒಳಗೆ ಹೋದ ನನಗೆ ಅಕ್ಕ ಮೆಲ್ಲಗೆ ಹೇಳಿದಳು: “ಅದನ್ನ ಅವರಿಗೇ ಬಿಟ್ಬಿಡು. ನಂಗೊಂದು ಚಿಕ್ಕ ದೀಪ ತಂದ್ಕೊಡು, ಈ ಕೋಣೆಗೆ.”

ಮರುದಿನ ತಂದುಕೊಟ್ಟೆ, ಡಿಮ್ಮರ್ ಸಮೇತ. ಹಿಂದಿನ ದಿನ ತಂದ ಬಲ್ಬ್ ಹೇಗೂ ಕೈಯಲ್ಲಿತ್ತು. ಸಂಜೆ ಬಂದ ನೆರೆಹೊರೆಯವರು ಹಜಾರದ ಪ್ರಖರತೆಗೆ ಕಣ್ಣು ಕಿರಿದು ಮಾಡಿ, ಭಾವನನ್ನು ದಾಟಿಕೊಂಡು ನೇರ ಒಳಗೆ ಬಂದರು. ಮಂಚದ ಮೇಲೆ, ಟ್ರಂಕಿನ ಮೇಲೆ, ನೆಲದ ಮೇಲೆ ಜನ. ಹಳದಿ ಬೆಳಕಿನಲ್ಲಿ ಅಕ್ಕ ಕಣ್ಣು ತೆರೆದು ನಗುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಭಾವ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಸ್ಕ್ರೂಡ್ರೈವರ್.

“ಆ ದೀಪ ಒಂಚೂರು ಅದುರ್ತಿದೆ ಅನ್ಸತ್ತೆ. ನೋಡ್ಲಾ?”

“ಅಲ್ಲೇ ನಿಂತ್ಕೊಳ್ಳಿ,” ಎಂದಳು ಅಕ್ಕ.

ನಿಂತರು.