ಎಂಟು ವಾಟಿನ ಆಂಪ್ಲಿಫೈಯರ್‌ಗೆ ಜೋಡಿ

ಹಿರಿಯೂರಿನ ನಮ್ಮ ಮನೆಯಲ್ಲಿ ಯಜಮಾನರು ಹಳೇ ರೇಡಿಯೋದ ಗಾಜಿನ ವಾಲ್ವ್‌ಗಳಿಂದ ಕೈಯಾರೆ ಕಟ್ಟಿದ ಆಂಪ್ಲಿಫೈಯರ್ ಇದೆ. ಅದರ ಶಕ್ತಿ ಎಂಟೇ ವಾಟ್. ಅಷ್ಟಕ್ಕೇ ಗಟ್ಟಿಯಾಗಿ ನುಡಿಯುವ ಸ್ಪೀಕರ್ ಬೇಕೆಂದು ಕಳೆದ ವರ್ಷದಿಂದ ಒಂದಾದ ಮೇಲೊಂದು ತಂದರು. ಯಾವುದು ತಂದರೂ, "ಸೌಂಡೇ ಸಾಲ್ತಿಲ್ಲ ಕಣೇ" ಎನ್ನುವರು.

"ಮೊದ್ಲು ಡಾಕ್ಟ್ರಿಗೆ ಕಿವಿ ತೋರಿಸ್ರಿ" ಎಂದು ನಾನು ರೇಗಿದರೆ, ಅವರು ಊಟ ಬಿಟ್ಟು ಏಳುವರು.

ಕೊನೆಗೆ ಹೊಸದುರ್ಗದಿಂದ, ಮುಚ್ಚಿಹೋದ ಟಾಕೀಸಿನ ಆಳೆತ್ತರದ ಸ್ಪೀಕರ್ ಬಂತು. ಹಾಡು ಹಾಕಿದೊಡನೆ ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಇವರು ಸ್ಪೀಕರಿನ ಬಟ್ಟೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಹಾಡು ಮುಗಿಯಿತು. ಸ್ಪೀಕರಿನೊಳಗೆ ವಾಲ್ವಿನ ಗುಂಯ್ ಸದ್ದಷ್ಟೇ ಉಳಿಯಿತು. ಅವರು ತಲೆದೂಗುತ್ತಲೇ ಇದ್ದರು.

"ಈಗ ಕೇಳ್ತೈತೆ ನೋಡೇ" ಎಂದರು.

ಅಂದು ನಾನು ರೇಗಲಿಲ್ಲ. ಅವರ ಪಕ್ಕದಲ್ಲಿ ಕುಳಿತು ತಲೆದೂಗಿದೆ.