ಮಗಳನ್ನು ಎತ್ತಿಕೊಂಡದ್ದು

ಮೂರು ವರ್ಷ ತುಂಬಿದರೂ ಮಗಳು ಗಿರಿಜೆ ನನ್ನನ್ನು ಅಪ್ಪ ಎನ್ನಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಕಿವುಡು ಎಂದುಕೊಂಡೆವು. ಆದರೆ ಹಿತ್ತಿಲಲ್ಲಿ ಶೇಂಗಾ ಸುಲಿಯುವ ಸದ್ದಿಗೆ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು. ಹೊನ್ನಾಳಿಯ ನಮ್ಮ ಓಣಿಯವರು ಗಾಳಿ ಸೋಕಿದೆ ಎಂದರು. ನಮ್ಮವ್ವ ಅವಳ ನಾಲಿಗೆಗೆ ಬಜೆ ತೇಯ್ದು ಹಚ್ಚಿದಳು.

ಎರಡನೇ ಮಹಾಯುದ್ಧದ ಕಾಲ. ಬಟ್ಟೆಗೂ ರೇಷನ್ ಬಂದು ನನ್ನ ಹೊಲಿಗೆ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಗಿತ್ತು. ಬಾಗಿಲು ಎಳೆದುಕೊಂಡು, ಹೆಂಡತಿ ಹಾಲಮ್ಮನ ಜೊತೆ ಮಗಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರು ಬಹಳ ಹೊತ್ತು ನೋಡಿ ಹೇಳಿದರು: "ಚೈಲ್ಡ್‌ಹುಡ್ ಸ್ಕಿಜೋಫ್ರೀನಿಯಾ."

ಹಾಗೆಂದರೇನು ಎಂದೆ.

"ಮನಸ್ಸು ಒಡೆದ ಹಾಗೆ. ತಮ್ಮ ಪಾಡಿಗೆ ತಾವಿರೋ ಇಂಥ ಮಕ್ಕಳಿಗೆಲ್ಲ ಸದ್ಯಕ್ಕೆ ಇದೇ ಹೆಸರು ಹೇಳ್ತೀವಿ. ನಮಗೂ ಪೂರ್ತಿ ಗೊತ್ತಿಲ್ಲ." ಆಮೇಲೆ ಕೇಳಿದರು: "ನೀವು ಮಗೂನ ಎತ್ತಿ ಆಡಿಸ್ತೀರಾ?"



ನಮ್ಮಲ್ಲಿ ಹಿರಿಯರ ಎದುರು ಹೆತ್ತವರು ತಮ್ಮ ಕೂಸನ್ನು ಎತ್ತಿ ಮುದ್ದಾಡುವಂತಿಲ್ಲ. ನಾಚಿಕೆಗೇಡು. ನಮ್ಮಪ್ಪ ದಿನವಿಡೀ ಜಗಲಿಯಲ್ಲೇ ಇರುತ್ತಿದ್ದುದರಿಂದ ನನ್ನ ಮಗಳನ್ನು ನಾನು ಕದ್ದು ನೋಡಿದ್ದೇ ಹೆಚ್ಚು. ಮರ್ಯಾದಸ್ಥ ಎನ್ನಿಸಿಕೊಳ್ಳುವ ಚಟ ನನಗೆ.

ಊರಿಗೆ ಬಂದ ಮೇಲೆ ಹಾಲಮ್ಮ ಕೇಳಿದಳು: "ಮನಸ್ಸು ಒಡದೈತೆ ಅಂದ್ರಲ್ಲ, ಒಡದೋರು ಯಾರ್ರೀ? ನಾವೇನಾ?"

ಅಲ್ಲ ಎಂದೆ. ಒಳಗೊಳಗೇ ಹೌದು ಎಂದುಕೊಂಡೆ.

ಮರುದಿನ ಅಪ್ಪನ ಕಣ್ಣೆದುರೇ ಗಿರಿಜೆಯನ್ನು ಬಾಚಿ ಎತ್ತಿಕೊಂಡೆ.

ಚೀರಿದಳು.

ಮೈ ಸೆಟೆಸಿ, ನನ್ನ ಕೆನ್ನೆ ಪರಚಿ, ಜಾರಿ ಇಳಿದು ಮೂಲೆ ಸೇರಿದಳು. ನಾನು ಬಿಡಲಿಲ್ಲ. ವಾರಗಟ್ಟಲೆ ಎತ್ತಿದೆ, ತಬ್ಬಿದೆ. ತಪ್ಪು ತೊಳೆದುಕೊಳ್ಳುವ ಅವಸರ ನನ್ನದು, ನರಳಿದವಳು ಅವಳು. ಕೊನೆಗೆ ನನ್ನನ್ನು ಕಂಡರೇ ಓಡತೊಡಗಿದಳು.

"ಬಿಡೋ ಅದನ್ನ," ಅಪ್ಪ ಗದರಿದರು. "ಎತ್ತಿಕೊಳ್ಳೋದು ನಿಂಗೆ ಬೇಕಾಗೈತೆ. ಕೂಸಿಗೆ ಬ್ಯಾಡ."

ಅಂದಿನಿಂದ ಮುಟ್ಟಿಲ್ಲ. ಜಗಲಿಯಲ್ಲಿ ಕೂತು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತೇನೆ. ಅವಳು ಅತ್ತ ಬಟ್ಟೆಚೂರುಗಳನ್ನು ಸಾಲಾಗಿ ಜೋಡಿಸುತ್ತಾಳೆ. ಡಾಕ್ಟರು ಹೇಳಿದ ಹೆಸರು ಸರಿಯೋ ತಪ್ಪೋ, ಇದಕ್ಕೆಲ್ಲ ನಾನೇ ಕಾರಣವೋ ಅಲ್ಲವೋ, ಇನ್ನೂ ತಿಳಿಯದು. ಅನ್ನ ಕಲಸುವಾಗಲೂ ಅದೇ ಸಂಕಟ.

ಮೊನ್ನೆ ಸಂಜೆ ಅವಳು ತಾನಾಗಿ ಎದ್ದು ಬಂದು ನನ್ನ ಹಿಂದೆ ಕೂತಳು. ಅವಳ ಪುಟ್ಟ ಬೆನ್ನು ನನ್ನ ಬೆನ್ನಿಗೆ ಒರಗಿತು. ಬೆಚ್ಚಗಿತ್ತು. ನಾನು ತಿರುಗಲು ಹೋದೆ.

"ಅಲ್ಲಾಡಬ್ಯಾಡ," ಅಪ್ಪ ಪಿಸುಗುಟ್ಟಿದರು.

ಹಾಗೇ ಕೂತೆ. ಹಾಲಮ್ಮ ಒಳಗಿನಿಂದ ಊಟಕ್ಕೆ ಕರೆದಳು. ಅಪ್ಪನೂ ನಾನೂ ಓಗೊಡಲಿಲ್ಲ.