ಕೂತೇ ಹೊರಟ ಶಿವಗಂಗಮ್ಮ

ಮಾರೇನಹಳ್ಳಿಯ ಟೈಲರ್ ಶಿವಗಂಗಮ್ಮ ನಲವತ್ತು ವರ್ಷದಲ್ಲಿ ಒಂದೇ ಒಂದು ರವಿಕೆಯನ್ನೂ ಹೇಳಿದ ದಿನ ತಪ್ಪಿಸಿ ಕೊಟ್ಟವರಲ್ಲ. ಟೈಲರುಗಳಲ್ಲಿ ಇದು ಪವಾಡವೇ ಸರಿ. ಡಾಕ್ಟರು ಕೈಚೆಲ್ಲಿದಾಗಲೂ ಮೊದಲು ಉಳಿದ ಬಟ್ಟೆಗಳನ್ನು ಹೊಲಿದು ಮುಗಿಸಿದರು, ಆಮೇಲೆ ನೆಂಟರನ್ನೆಲ್ಲ ಕರೆಸಿ ಮಾತಾಡಿಸಿದರು.

ಕೊನೆಯ ದಿನ ಬೆಳಗ್ಗೆ ವಿಭೂತಿ ಹಚ್ಚಿಕೊಂಡು, ಗೋಡೆಗೊರಗಿ ಚಕ್ಕಂಬಕ್ಕಲ ಹಾಕಿ ಕೂತರು.

“ಸ್ವಲ್ಪ ಮಲಗಿ ಅತ್ತೆ,” ಎಂದಳು ಸೊಸೆ ಅನಘಾ.

“ಬೇಡ ಕಣೇ. ನಮ್ಮಲ್ಲಿ ಕೂರಿಸಿ ತಾನೇ ಮಣ್ಣು ಮಾಡೋದು? ಮಲಗಿದಲ್ಲೇ ಸೆಟೆದುಕೊಂಡ್ರೆ ನನ್ನ ಕಾಲು ಮಡಿಸೋಕೆ ನೀವೆಲ್ಲ ಒದ್ದಾಡ್ಬೇಕು. ಶಿವ ಕರೀತಿದಾನೆ, ಅಳದೆ ಕಳಿಸ್ಕೊಡು.”

ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದರು. ಅನಘಾ ಗಂಜಿ ಬಿಸಿ ಮಾಡಿ ತರುವಷ್ಟರಲ್ಲಿ ಉಸಿರು ನಿಂತಿತ್ತು. ಮಡಿಸಿಯೇ ಇದ್ದ ಆ ಪಾದಗಳಿಗೆ ಹಣೆ ಹಚ್ಚುವುದಷ್ಟೇ ಅವಳಿಗೆ ಉಳಿದಿತ್ತು.